ಚಿಪ್ಪನ್ನು ಹೊಳೆಗೆ ವಾಪಸ್ ಕೊಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಕಾಸರಗೋಡು ಪುಟದಲ್ಲಿ ಹೊಳೆ ಶುಚಿ ಮಾಡಿದವರ ಫೋಟೋ ಬಂದಿತ್ತು. ಗೋಣಿ ಚೀಲ ಹಿಡಿದು ಸಾಲಾಗಿ ನಿಂತವರಲ್ಲಿ ಎಡದಿಂದ ಮೂರನೆಯವಳು ನಾನು. ಸುದ್ದಿ ಹಾಕಿದ್ದಕ್ಕೆ ಸಂತೋಷ. ಆದರೆ ಅದರಲ್ಲಿ ನಾವು ಪ್ಲಾಸ್ಟಿಕ್ ಹೆಕ್ಕಿದ್ದು ಮಾತ್ರ ಇತ್ತು. ಆ ದಿನ ಬೆಳಿಗ್ಗೆ ನಾವು ನೀರಿಗೆ ಇಳಿದದ್ದು ಮುರು ಅನ್ನುವ ಚಿಪ್ಪಿನ ಜೀವಿಯನ್ನು ನೋಡಲಿಕ್ಕೆ. ಪ್ಲಾಸ್ಟಿಕ್ ಎದುರಿಗೆ ಸಿಕ್ಕಿತು, ಬಿಟ್ಟು ಬರಲಿಕ್ಕೆ ಮನಸ್ಸಾಗಲಿಲ್ಲ, ಹೆಕ್ಕಿದೆವು. ಅಸಲು ಕೆಲಸದ ಸುದ್ದಿಯೇ ಬರಲಿಲ್ಲವಲ್ಲ ಅಂತ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ಜಾಗ ಸಾಲದಿದ್ದರೆ ನಡುವೆ ಎಲ್ಲಾದರೂ ಕತ್ತರಿಸಿ. ಕೊನೆಯ ಸಾಲುಗಳನ್ನು ಮಾತ್ರ ಬಿಡಬೇಡಿ.

ನಾನು ಬಂದ್ಯೋಡಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಮನೆ ಶಿರಿಯ ಹೊಳೆಯ ದಡದಲ್ಲಿ, ಅಳಿವೆಗೆ ಹತ್ತಿರ. ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆ ಅಂತ ಶಾಲೆಯ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಅದರಲ್ಲಿ ನಮ್ಮದೂ ಒಂದು. ಪುತ್ತಿಗೆಯ ಕಡೆಯಿಂದ ತೋಟ, ಗದ್ದೆ ದಾಟಿ ಬಂದು ಕುಂಬಳೆಯ ಹತ್ತಿರ ಕಡಲಿಗೆ ಸೇರುತ್ತದೆ. ಈ ದಡ ಒಂದು ಪಂಚಾಯತ್, ಆ ದಡ ಇನ್ನೊಂದು ಪಂಚಾಯತ್. ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಉಪ್ಪು ನೀರು ಒಳಗೆ ಬರುತ್ತದೆ, ಎರಡು ಸಲ ಇಳಿಯುತ್ತದೆ. ಉಪ್ಪೂ ಸಿಹಿಯೂ ಬೆರೆತ ಆ ನೀರಿನಲ್ಲಿ ಬೆಳೆಯುವುದು ಮುರು. ಪುಸ್ತಕದಲ್ಲಿ ಸಿಂಪಿ ಅಂತ ಬರೆಯುತ್ತಾರೆ. ಹೊಯ್ಗೆಯಲ್ಲಿ (ಮರಳಿನಲ್ಲಿ) ಹುದುಗಿರುವ ಮರುವಾಯಿ ಬೇರೆ, ಕಡಲ ಬಂಡೆಯ ಪಚ್ಚಿಲೆ ಬೇರೆ. ಮುರು ಅಂದರೆ ಕಲ್ಲಿಗೆ, ಸಂಕದ ಕಂಬಕ್ಕೆ, ಕಾಂಡ್ಲಾ ಗಿಡದ ಬೇರಿಗೆ ಅಂಟಿ ಕೂತು ಜೀವಮಾನ ಇಡೀ ಅಲ್ಲೇ ಇರುವ ಒರಟು ಚಿಪ್ಪಿನದು.

ನನ್ನ ಬಲಗಾಲಿನ ಹಿಮ್ಮಡಿಯ ಪಕ್ಕದಲ್ಲಿ ಎರಡು ಇಂಚಿನ ಗಾಯದ ಗುರುತು ಇದೆ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಆದದ್ದು. ಅಮ್ಮ ಮರುವಾಯಿ ಹೆಕ್ಕಲಿಕ್ಕೆ ಹೋಗುವಾಗ ಹಠ ಹಿಡಿದು ಹಿಂದೆ ಹೋಗಿದ್ದೆ. ‘ನಾನು ಕಾಲಿಟ್ಟಲ್ಲೇ ಕಾಲಿಡು’ ಅಂದಿದ್ದರು. ನಾನು ಬದಿಗೆ ಇಟ್ಟೆ. ಮುರು ಕೊಯ್ದರೆ ಆ ಕ್ಷಣ ನೋವು ಗೊತ್ತಾಗುವುದಿಲ್ಲ, ನೀರು ಕೆಂಪಾದ ಮೇಲೆ ಗೊತ್ತಾಗುತ್ತದೆ. ಅಮ್ಮ ಎತ್ತಿಕೊಂಡು ಮನೆಗೆ ಬಂದು, ಕಾಫಿ ಪುಡಿ ಒತ್ತಿ, ಹಳೆ ಸೀರೆಯ ಅಂಚು ಹರಿದು ಕಟ್ಟಿದರು. ಆಗ ಹೊಳೆಯ ಆ ಭಾಗದಲ್ಲಿ ಬರಿಗಾಲಲ್ಲಿ ಯಾರೂ ನಡೆಯುತ್ತಿರಲಿಲ್ಲ. ದೋಣಿಯವರು ಸಹ ಟಯರಿನ ಚಪ್ಪಲಿ ಹಾಕಿಕೊಂಡೇ ಇಳಿಯುತ್ತಿದ್ದರು. ನೀರು ಇಳಿದಾಗ ಮುರು ದಿಬ್ಬ ಕರ್ರಗೆ ಮೇಲೆ ಕಾಣುತ್ತಿತ್ತು. ಅದರ ಸಂದಿನಲ್ಲಿ ಏಡಿ, ಸಿಗಡಿ, ಬೆರಳುದ್ದದ ಮೀನಿನ ಮರಿಗಳು.

ಈಗ ಅದೇ ಜಾಗದಲ್ಲಿ ನನ್ನ ಮೊಮ್ಮಗಳು ಬರಿಗಾಲಲ್ಲಿ ಓಡುತ್ತಾಳೆ. ಒಂದು ಗೀರು ಸಹ ಆಗುವುದಿಲ್ಲ. ಮೊದಲು ನನಗೆ ಅದು ಒಳ್ಳೆಯದೇ ಆಯಿತು ಅನ್ನಿಸಿತ್ತು. ಆಮೇಲೆ ಒಂದು ದಿನ ಅವಳ ಕಾಲು ಮೊಣಗಂಟಿನವರೆಗೆ ಕೆಸರಲ್ಲಿ ಹೂತು ಹೋಯಿತು. ಎಳೆದು ತೆಗೆಯುವಾಗ ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಗಟ್ಟಿ ನೆಲವೇ ಇರಲಿಲ್ಲ. ಕಾಲು ಕೊಯ್ಯಲಿಕ್ಕೆ ಒಂದು ಚಿಪ್ಪು ಸಹ ಉಳಿದಿರಲಿಲ್ಲ.

ಇದು ಹೇಗಾಯಿತು ಅಂತ ನಮ್ಮ ದಡದ ಹಿರಿಯರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ತುಂಡು ಹೇಳಿದರು. ಮೊದಲು ಸುಣ್ಣಕ್ಕೆ ಅಂತ ಚಿಪ್ಪು ಹೋಯಿತು. ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ, ಎಲ್ಲ ಚಿಪ್ಪು ಸುಟ್ಟು ಮಾಡಿದ್ದು. ನಮ್ಮ ಅಜ್ಜಿಯ ಕಾಲದಲ್ಲಿ ಬುಟ್ಟಿಯಲ್ಲಿ ಹೊರುತ್ತಿದ್ದರಂತೆ. ಆಗ ತೆಗೆದಷ್ಟು ಮತ್ತೆ ಬೆಳೆಯುತ್ತಿತ್ತು. ಆಮೇಲೆ ಹೊಯ್ಗೆಗೆ ಬೆಲೆ ಬಂತು. ದೋಣಿಯಲ್ಲಿ ಮುಳುಗಿ ತೆಗೆಯುವವರು ಹೊಯ್ಗೆಯ ಜೊತೆ ಚಿಪ್ಪು, ಬೀಜ, ಮರಿ ಎಲ್ಲವನ್ನೂ ತೆಗೆದರು. ತೆಗೆದ ಹೊಂಡಕ್ಕೆ ಹೊಯ್ಗೆ ವಾಪಸ್ ಬರಲಿಲ್ಲ, ಕೆಸರು ಬಂದು ತುಂಬಿತು. ತಳ ತಗ್ಗಾದ ಹಾಗೆ ಉಪ್ಪು ನೀರು ಇನ್ನೂ ಮೇಲಕ್ಕೆ ಏರಿತು. ನಮ್ಮ ಬಾವಿಯ ನೀರು ಮಾರ್ಚ್ ತಿಂಗಳಿಗೆ ಕಾಫಿ ಮಾಡಲಿಕ್ಕೆ ಆಗದಷ್ಟು ಉಪ್ಪು.

ಮುರುವಿನ ಬಗ್ಗೆ ನನಗೆ ಗೊತ್ತಿಲ್ಲದ ಮುಖ್ಯ ವಿಷಯ ಒಂದಿತ್ತು. ಅದನ್ನು ತಿಳಿದದ್ದು ಪಡನ್ನದಲ್ಲಿ. ನಮ್ಮ ಕುಟುಂಬಶ್ರೀ ಮಹಿಳಾ ಸಂಘದ ಹನ್ನೊಂದು ಹೆಂಗಸರು ಜೀಪು ಮಾಡಿಕೊಂಡು ಅಲ್ಲಿಗೆ ಹೋಗಿದ್ದೆವು. ನಮ್ಮ ಜಿಲ್ಲೆಯ ತೆಂಕು ತುದಿಯಲ್ಲಿ, ಕವ್ವಾಯಿ ಹಿನ್ನೀರಿನಲ್ಲಿ, ಅಲ್ಲಿನ ಹೆಂಗಸರು ಎಷ್ಟೋ ವರ್ಷದಿಂದ ಕಲ್ಲುಮ್ಮಕಾಯಿ ಬೆಳೆಸುತ್ತಾರೆ. ಕಲ್ಲುಮ್ಮಕಾಯಿ ಅಂದರೆ ನಮ್ಮ ಪಚ್ಚಿಲೆಯೇ. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕಲಿಸಿಕೊಟ್ಟ ವಿದ್ಯೆ. ಅವರು ಹಗ್ಗದ ಸುತ್ತ ಪಚ್ಚಿಲೆಯ ಮರಿ ಇಟ್ಟು, ಮೇಲಿಂದ ತೆಳು ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ನನ್ನ ಕಣ್ಣು ಮೊದಲು ಹೋದದ್ದು ಆ ಹೊಲಿಗೆಗೆ. ದೊಡ್ಡ ದೊಡ್ಡ ಟಾಕಿ, ಅಷ್ಟೇ. ಇದು ಬಿಚ್ಚಿ ಹೋಗುವುದಿಲ್ಲವಾ ಅಂತ ಕೇಳಿದೆ. ಒಬ್ಬ ಅಕ್ಕ ನಕ್ಕು ಹೇಳಿದರು: ‘ಬಿಚ್ಚಿ ಹೋಗಬೇಕು. ಬಟ್ಟೆ ನೀರಲ್ಲಿ ಕರಗುವುದರೊಳಗೆ ಮರಿ ಹಗ್ಗವನ್ನು ಹಿಡಿದಿರುತ್ತದೆ.’ ನಾನು ಮೂವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಬಿಚ್ಚಿ ಹೋಗಲಿ ಅಂತ ಹೊಲಿಯುವುದನ್ನು ಅವತ್ತೇ ನೋಡಿದ್ದು.

ಮುರುವಿನದು ಹಾಗಲ್ಲ. ಅದರ ಮರಿಯನ್ನು ನಾವು ಕಟ್ಟುವುದು ಬೇಡ. ತಾಯಿ ಮುರು ನೀರಿಗೆ ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ. ಕಣ್ಣಿಗೆ ಕಾಣದ ಮರಿಗಳು ಎರಡು ಮೂರು ವಾರ ನೀರಿನ ಜೊತೆ ತೇಲುತ್ತವೆ. ಆಮೇಲೆ ಗಟ್ಟಿ ಜಾಗ ಹುಡುಕುತ್ತವೆ. ಸಿಕ್ಕಿದರೆ ತಮ್ಮದೇ ಅಂಟಿನಿಂದ ಅಂಟಿ ಕೂರುತ್ತವೆ, ಮತ್ತೆ ಏಳುವುದಿಲ್ಲ. ಸಿಗದಿದ್ದರೆ ಕೆಸರಿಗೆ ಬಿದ್ದು ಸಾಯುತ್ತವೆ. ಅವಕ್ಕೆ ಎಲ್ಲಕ್ಕಿಂತ ಇಷ್ಟದ ಗಟ್ಟಿ ಜಾಗ ಯಾವುದು ಗೊತ್ತಾ? ಹಳೆಯ ಮುರುವಿನ ಚಿಪ್ಪು. ತಂದೆ ತಾಯಿಯ ಮನೆಯ ಮೇಲೆಯೇ ಮಕ್ಕಳು ಮನೆ ಕಟ್ಟುವುದು. ಹಾಗೆ ನೂರಾರು ವರ್ಷ ಒಂದರ ಮೇಲೆ ಒಂದು ಕೂತು ದಿಬ್ಬ ಆದದ್ದು. ನಾವು ಚಿಪ್ಪು ತೆಗೆದಾಗ ಅವುಗಳ ನೆಲವನ್ನೇ ತೆಗೆದ ಹಾಗಾಯಿತು. ಅಳಿವೆಯ ಹತ್ತಿರದ ಸಂಕದ ಕಂಬಗಳಲ್ಲಿ ಇನ್ನೂ ಮುರು ಇದೆ, ಮೊಟ್ಟೆ ಬಿಡುತ್ತದೆ, ಮರಿ ನಮ್ಮ ಮನೆಯ ಮುಂದೆಯೇ ತೇಲಿ ಹೋಗುತ್ತದೆ. ಕೂರಲಿಕ್ಕೆ ಜಾಗ ಇಲ್ಲ.

ಇದು ಗೊತ್ತಾದ ಮೇಲೆ ಸುಮ್ನೆ ಇರಲಿಕ್ಕೆ ಆಗಲಿಲ್ಲ. ಊರಿಗೆ ಬಂದು ಹೇಳಿದೆವು. ನಾವು ಈಗ ಹದಿನೇಳು ಜನ. ಹೆಂಗಸರು ಹನ್ನೊಂದು, ದೋಣಿಯವರು ಮೂವರು, ಕಾಲೇಜಿಗೆ ಹೋಗುವ ಹುಡುಗರು ಇಬ್ಬರು, ಮತ್ತೆ ಒಬ್ಬರು ಪೆನ್ಷನ್ ಆದ ಶಾಲೆಯ ಮೇಸ್ತರು. ತುಳುವಿನವರು, ಮಲಯಾಳದವರು, ಬ್ಯಾರಿಗಳು ಎಲ್ಲ ಇದ್ದೇವೆ. ಸಂಘದ ಹೆಸರು ಇಲ್ಲ, ರಿಜಿಸ್ಟ್ರೇಷನ್ ಇಲ್ಲ. ವಾಟ್ಸಾಪ್ ಗುಂಪು ಇದೆ, ಅದರಲ್ಲಿ ನೀರು ಇಳಿಯುವ ಹೊತ್ತು ಹಾಕುತ್ತೇವೆ, ಅಷ್ಟೇ.

ಕೆಲಸ ಹೀಗೆ. ಖಾಲಿ ಚಿಪ್ಪು ತೊಳೆದು, ತಿಂಗಳುಗಟ್ಟಲೆ ಬಿಸಿಲಿಗೆ ಹಾಕುವುದು. ನಡುವೆ ತೂತು ಕೊರೆಯುವುದು. ಬಲೆಯ ಹಗ್ಗದಲ್ಲಿ ಪೋಣಿಸುವುದು. ಒಂದು ಮಾಲೆಗೆ ಆರು ಚಿಪ್ಪು. ಒಂದಕ್ಕೊಂದು ಮುಟ್ಟದ ಹಾಗೆ ನಡುವೆ ಗಂಟು ಬರಬೇಕು. ಮುಟ್ಟಿದರೆ ಮರಿ ಕೂರಲಿಕ್ಕೆ ಸಂದು ಸಿಗುವುದಿಲ್ಲ. ಆ ಗಂಟಿನ ಕೆಲಸ ನನ್ನದು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಟೇಪು ಹಿಡಿದು, ಸೀಮೆಸುಣ್ಣದ ಗುರುತು ಹಾಕಿ ಗಂಟು ಕಟ್ಟುತ್ತೇನೆ. ಬಿದಿರಿನ ಕಂಬ ಊರಿ, ಅಡ್ಡಕ್ಕೆ ಬಿದಿರು ಕಟ್ಟಿ, ಮಾಲೆಗಳನ್ನು ನೀರಿಗೆ ಇಳಿಬಿಡುತ್ತೇವೆ. ದೀಪಾವಳಿ ಕಳೆದು ಮಳೆನೀರು ತಗ್ಗಿ, ಹೊಳೆಗೆ ಉಪ್ಪು ತಿರುಗಿದ ಮೇಲೆ ಇದಕ್ಕೆ ಸಮಯ. ಮೊದಲೇ ಇಳಿಬಿಟ್ಟರೆ ಚಿಪ್ಪಿನ ಮೇಲೆ ಪಾಚಿ ಹಿಡಿದು ಮರಿ ಕೂರುವುದಿಲ್ಲ.

ಮೊದಲ ವರ್ಷ 140 ಮಾಲೆ ಇಳಿಬಿಟ್ಟೆವು. ತಿಂಗಳು ಆಯಿತು, ಏನೂ ಕಾಣಲಿಲ್ಲ. ಒಂದೂವರೆ ತಿಂಗಳು ಆಯಿತು. ಜನವರಿಯ ಒಂದು ಬೆಳಿಗ್ಗೆ, ಸೊಂಟದವರೆಗೆ ನೀರಲ್ಲಿ ನಿಂತು ಒಂದು ಮಾಲೆ ಎತ್ತಿದೆ. ಚಳಿಗೆ ಬೆರಳು ಮರಗಟ್ಟಿತ್ತು. ಚಿಪ್ಪಿನ ಒಳಬದಿ ತಿರುಗಿಸಿ ನೋಡಿದರೆ ಬಿಳಿಯ ನುಣುಪಿನ ಮೇಲೆ ಕಂದು ಬಣ್ಣದ ಚುಕ್ಕೆಗಳು. ಕೆಸರು ಅಂತ ಉಜ್ಜಿದೆ, ಹೋಗಲಿಲ್ಲ. ಉಗುರಲ್ಲಿ ಕೆರೆದೆ, ಹೋಗಲಿಲ್ಲ. ಮುಖದ ಹತ್ತಿರ ಹಿಡಿದು ನೋಡಿದೆ. ಮಗುವಿನ ಅಂಗಿಯ ಗುಂಡಿಯಷ್ಟು ದೊಡ್ಡದು ಕೆಲವು, ನುಚ್ಚಕ್ಕಿಯಷ್ಟು ಕೆಲವು. ಅಂಚಿನಲ್ಲಿ ತೆಳು ನೇರಳೆ ಗೆರೆ. ಒಂದೇ ಚಿಪ್ಪಿನಲ್ಲಿ ಹನ್ನೆರಡು ಎಣಿಸಿದೆ. ಯಾರೋ ರಾತ್ರಿ ಕೂತು ಒಂದೊಂದಾಗಿ ಗುಂಡಿ ಹೊಲಿದ ಹಾಗಿತ್ತು. ನನಗೆ ಅಲ್ಲೇ ಅಳು ಬಂತು. ಪಕ್ಕದಲ್ಲಿದ್ದ ದೋಣಿಯ ಇಕ್ಕ (ಅಣ್ಣ), ಎಪ್ಪತ್ತು ವರ್ಷದವರು, ಚಿಪ್ಪನ್ನು ಕೈಗೆ ತೆಗೆದುಕೊಂಡು ಏನೂ ಮಾತಾಡಲಿಲ್ಲ. ಮಾಲೆಯನ್ನು ಮೆಲ್ಲ ನೀರಿಗೆ ಇಳಿಸಿ, ಹಗ್ಗದ ಗಂಟನ್ನು ಎರಡು ಸಲ ಎಳೆದು ನೋಡಿದರು.

ಮುರು ನೀರು ಸೋಸುತ್ತದೆ ಅಂತ ಹೇಳಿದರೆ ಜನ ನಂಬುವುದಿಲ್ಲ. ನಾನೂ ಪೂರ್ತಿ ನಂಬಿರಲಿಲ್ಲ. ಮೇಸ್ತರು ಒಂದು ರಜೆಯ ದಿನ ಮಕ್ಕಳನ್ನು ಸೇರಿಸಿದರು. ಎರಡು ಗಾಜಿನ ಭರಣಿ, ಎರಡಕ್ಕೂ ಹೊಳೆಯ ಕಲಕು ನೀರು. ಒಂದಕ್ಕೆ ಆರು ಮುರು ಹಾಕಿದೆವು. ಇನ್ನೊಂದಕ್ಕೆ ಏನೂ ಹಾಕಲಿಲ್ಲ. ನೆರಳಲ್ಲಿ ಇಟ್ಟು ಊಟಕ್ಕೆ ಹೋದೆವು. ಬಂದು ಭರಣಿಯ ಹಿಂದೆ ನಿಮ್ಮ ಪತ್ರಿಕೆಯನ್ನೇ ಹಿಡಿದೆವು. ಮುರು ಇದ್ದ ಭರಣಿಯ ಆ ಕಡೆಯಿಂದ ಹೆಡ್ಡಿಂಗ್ ಓದಲಿಕ್ಕೆ ಆಗುತ್ತಿತ್ತು. ಇನ್ನೊಂದರಲ್ಲಿ ದಪ್ಪ ಕೆಸರು ತಳಕ್ಕೆ ಕೂತಿತ್ತು ನಿಜ, ಆದರೆ ನೀರು ಚಹಾದ ಬಣ್ಣ ಬಿಟ್ಟಿರಲಿಲ್ಲ. ಮುರು ನೀರನ್ನು ಒಳಗೆ ಎಳೆದುಕೊಂಡು ತನಗೆ ಬೇಕಾದ ಸಣ್ಣ ಪಾಚಿ ತಿನ್ನುತ್ತದೆ, ಬೇಡದ ಮಣ್ಣನ್ನು ಲೋಳೆಯಲ್ಲಿ ಸುತ್ತಿ ಉಂಡೆ ಮಾಡಿ ಹೊರಗೆ ಹಾಕುತ್ತದೆ. ಭರಣಿಯ ತಳದಲ್ಲಿ ಆ ಸಣ್ಣ ಉಂಡೆಗಳು ಕಾಣುತ್ತಿದ್ದವು. ಒಬ್ಬ ಹುಡುಗ ಅದನ್ನೇ ಅರ್ಧ ಗಂಟೆ ನೋಡುತ್ತಾ ಕೂತ.

ಇಲ್ಲಿ ಒಂದು ಮಾತು ಖಂಡಿತ ಹೇಳಬೇಕು. ನೀರು ಸೋಸುತ್ತದೆ ಅಂತ ಪಾಪದ ಆ ಜೀವದ ಮೇಲೆ ನಮ್ಮ ಕೊಳಕನ್ನೆಲ್ಲ ಹೊರಿಸುವುದು ಸರಿಯಲ್ಲ. ಹೊಳೆಯ ಬದಿಯ ಕೆಲವು ಕಟ್ಟಡಗಳ ಪೈಪು ಈಗಲೂ ನೇರ ನೀರಿಗೆ ಇದೆ. ಕೊಳಚೆಯ ರೋಗಾಣು ಮುರುವಿನ ಹೊಟ್ಟೆಯಲ್ಲಿ ಉಳಿಯುತ್ತದೆ. ಅದಕ್ಕೇ ನಾವು ಇಳಿಬಿಟ್ಟ ಮುರುವನ್ನು ನಾವೇ ತಿನ್ನುವುದಿಲ್ಲ, ಯಾರಿಗೂ ಮಾರುವುದಿಲ್ಲ. ಮಾರುವುದಾದರೆ ಚೊಕ್ಕ ನೀರಿನಲ್ಲಿ ಇಟ್ಟು, ಹೊಟ್ಟೆ ಶುಚಿಯಾದ ಮೇಲೆ ಮಾರಬೇಕು. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ. ನಮ್ಮ ಮುರು ಇರುವುದು ಹೊಳೆಗೆ ಮಾತ್ರ.

ಎಲ್ಲ ಸಲೀಸಾಗಿ ಆಯಿತು ಅಂತ ಅಲ್ಲ. ಮೊದಲ ವರ್ಷ ಮಳೆಗಾಲಕ್ಕೆ ಮಾಲೆಗಳನ್ನು ಇದ್ದಲ್ಲೇ ಬಿಟ್ಟೆವು. ಜೂನ್ ಕಳೆದು ಆಟಿ ತಿಂಗಳಲ್ಲಿ ಒಂದು ದಿನ ಮಳೆ ಬಿಟ್ಟಾಗ ಹೋಗಿ ನೋಡಿದರೆ ಮೇಲಿನ ಸಾಲಿನ ಮುರು ಎಲ್ಲ ಬಾಯಿ ಬಿಟ್ಟು ಸತ್ತಿದ್ದವು. ಕೆಳಗಿನ ಸಾಲಿನವು ಬಾಯಿ ಮುಚ್ಚಿ ಬದುಕಿದ್ದವು. ಮಳೆಯ ಸಿಹಿ ನೀರು ಹಗುರ, ಉಪ್ಪು ನೀರಿನ ಮೇಲೆಯೇ ಹರಿಯುತ್ತದೆ. ತಳದಲ್ಲಿ ಸ್ವಲ್ಪ ಉಪ್ಪು ಉಳಿಯುತ್ತದೆ. ಮುರು ಬಾಯಿ ಮುಚ್ಚಿ ಕೆಲವು ದಿನ ತಡೆಯುತ್ತದೆ, ವಾರಗಟ್ಟಲೆ ತಡೆಯುವುದಿಲ್ಲ. ಈಗ ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಕೂಡಲೇ ಮಾಲೆಗಳನ್ನು ಬಿಚ್ಚಿ, ಹಳೆಯ ದಿಬ್ಬ ಇದ್ದ ಕಡೆ ಕೆಂಪು ಕಲ್ಲು ಹಾಸಿ ಅದರ ಮೇಲೆ ಇಳಿಸುತ್ತೇವೆ. ಹೋದ ಮಳೆಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದವು.

ಎರಡನೇ ವರ್ಷದ ಕಷ್ಟ ಮಳೆಯಿಂದ ಬರಲಿಲ್ಲ. ಫೆಬ್ರವರಿಯಲ್ಲಿ ಒಂದು ರಾತ್ರಿ ಹೊಯ್ಗೆ ದೋಣಿಗಳು ಬಂದು ಹೋದವು. ಬೆಳಿಗ್ಗೆ ನಮ್ಮ ಬಿದಿರಿನ ಚಪ್ಪರದ ಅರ್ಧ ಇರಲಿಲ್ಲ. ಕಂಬ ಮುರಿದು ತೇಲುತ್ತಿತ್ತು. ಐವತ್ತಕ್ಕಿಂತ ಹೆಚ್ಚು ಮಾಲೆ ಹೋಗಿದ್ದವು. ಬೇಕಂತಲೇ ಮಾಡಿದರೋ, ಕತ್ತಲಲ್ಲಿ ತಾಗಿತೋ, ನಾನು ಯಾರ ಮೇಲೂ ಹೇಳುವುದಿಲ್ಲ. ಹೊಯ್ಗೆ ತೆಗೆಯುವವರಲ್ಲಿ ನಮ್ಮ ಊರಿನ ಹುಡುಗರೂ ಇದ್ದಾರೆ. ಅವರಿಗೂ ಹೊಟ್ಟೆ ಇದೆ, ಅವರ ಅಮ್ಮಂದಿರ ರವಿಕೆ ಹೊಲಿಯುವವಳೂ ನಾನೇ. ಆದರೆ ಹೊಳೆಯ ತಳವನ್ನು ರಾತ್ರಿ ಲಾರಿಗೆ ಹಾಕಿ ಕಳಿಸಿದರೆ ಬೆಳಿಗ್ಗೆ ನಮ್ಮ ಹದಿನೇಳು ಜನರ ಕೆಲಸಕ್ಕೆ ಏನು ಅರ್ಥ?

ಕೇರಳದಲ್ಲಿ ಇದಕ್ಕೆ 2001ರಿಂದ ಕಾನೂನು ಇದೆ. ಹೊಳೆಯ ದಡ ಕಾಯಲಿಕ್ಕೆ, ಹೊಯ್ಗೆ ತೆಗೆಯುವುದಕ್ಕೆ ಲೆಕ್ಕ ಇಡಲಿಕ್ಕೆ. ಹೊಯ್ಗೆ ತೆಗೆಯುವ ಕಡವಿನ ಮೇಲೆ ಕಣ್ಣಿಡಲಿಕ್ಕೆ ಕಡವು ಸಮಿತಿ ಇರಬೇಕು ಅಂತಲೂ ಅದರಲ್ಲಿ ಇದೆ. ನಾವು ಒಂದು ಕಚೇರಿಗೆ ಅರ್ಜಿ ಕೊಟ್ಟೆವು, ಅವರು ಇನ್ನೊಂದಕ್ಕೆ ಹೋಗಿ ಅಂದರು. ಅಲ್ಲಿಗೆ ಹೋದರೆ ಹೊಳೆಯ ಈ ಭಾಗ ಯಾರಿಗೆ ಬರುತ್ತದೆ ಅಂತ ನಕ್ಷೆ ಬಿಡಿಸಿದರು. ನಾಲ್ಕು ದಿನ ಅಂಗಡಿ ಮುಚ್ಚಿ ಓಡಾಡಿದೆ. ಕೊನೆಗೆ ಕಡವಿನಲ್ಲಿ ಒಂದು ಬೋರ್ಡ್ ಬಂತು. ಅಷ್ಟಕ್ಕಾದರೂ ಧನ್ಯವಾದ ಹೇಳುತ್ತೇನೆ. ಆದರೆ ಬೋರ್ಡ್ ಮಲಯಾಳದಲ್ಲಿ ಮಾತ್ರ ಇದೆ. ನಮ್ಮ ದಡದಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಅದರ ಮುಂದೆ ನಿಂತು ಏನು ಬರೆದಿದೆ ಅಂತ ನನ್ನನ್ನು ಕೇಳುತ್ತಾರೆ. ಮಲಯಾಳ ಬೇಡ ಅಂತ ನಾನು ಹೇಳುವುದಿಲ್ಲ. ಅದರ ಕೆಳಗೆ ಅದೇ ಮಾತು ಕನ್ನಡದಲ್ಲೂ ಇರಲಿ. ಓದಲಿಕ್ಕೆ ಬಾರದ ಬೋರ್ಡನ್ನು ಪಾಲಿಸುವುದು ಹೇಗೆ?

ಕಾನೂನು, ಕಾವಲು ಎಲ್ಲ ಬೇಕು. ಜೊತೆಗೆ ತೆಗೆಯುವವರೇ ಒಪ್ಪಿ ನಿಲ್ಲಿಸಿದರೆ ಎಷ್ಟು ಒಳ್ಳೆಯದು ಅಂತ ಕೇರಳದ ಕೊಲ್ಲಂ ಹತ್ತಿರದ ಅಷ್ಟಮುಡಿ ಹಿನ್ನೀರನ್ನು ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಮರುವಾಯಿಯಂಥದ್ದೇ ಒಂದು ಚಿಪ್ಪು ಸಿಗುತ್ತದೆ. ಅದು ಮರಿ ಮಾಡುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೆಕ್ಕುವುದಿಲ್ಲ. ಬಲೆಯ ಕಣ್ಣು ದೊಡ್ಡದಿರಬೇಕು, ಸಣ್ಣದು ಕೆಳಗೆ ಬೀಳಬೇಕು. ಹೀಗೆ ನಡೆಸಿಕೊಂಡು ಬಂದದ್ದಕ್ಕೆ 2014ರಲ್ಲಿ ಎಂಎಸ್‌ಸಿ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆಯವರು, ಮೀನು ಮುಗಿಯದ ಹಾಗೆ ಹಿಡಿಯುವವರಿಗೆ ಕೊಡುವ ಪ್ರಮಾಣಪತ್ರ ಸಿಕ್ಕಿತು. ಭಾರತದಲ್ಲಿ ಅದು ಸಿಕ್ಕಿದ ಮೊದಲ ಮೀನುಗಾರಿಕೆ ಅದು. ನಮ್ಮ ಹೊಳೆಯಲ್ಲಿ ಮರುವಾಯಿ ಹೆಕ್ಕುವ ಅಕ್ಕಂದಿರೂ ಹಾಗೆ ಮೂರು ತಿಂಗಳು ಬಿಟ್ಟುಕೊಟ್ಟರೆ? ಕಷ್ಟ ನನಗೆ ಗೊತ್ತು. ನನ್ನ ಅಮ್ಮನೂ ಅದೇ ಹೆಕ್ಕಿ ನಮ್ಮನ್ನು ಸಾಕಿದವರು. ಕನಿಷ್ಠ ಉಗುರಿಗಿಂತ ಸಣ್ಣದನ್ನು ಮನೆಗೆ ತರಬೇಡಿ, ಅಲ್ಲೇ ಬಿಡಿ. ಒಂದು ಸೇರು ಸಣ್ಣ ಮರುವಾಯಿಯಲ್ಲಿ ಪುಂಡಿಗೆ ಹಾಕುವಷ್ಟು ಮಾಂಸ ಸಹ ಸಿಗುವುದಿಲ್ಲ, ಅಲ್ವಾ?

ಈಗ ಚಿಪ್ಪಿನ ವಿಷಯಕ್ಕೆ ಬರುತ್ತೇನೆ. ನನ್ನ ತಮ್ಮ ಹಡಗಿನಲ್ಲಿ ಅಡುಗೆ ಕೆಲಸ ಮಾಡುತ್ತಾನೆ. ಅಮೆರಿಕದ ಬಾಲ್ಟಿಮೋರ್ ಬಂದರಿಗೆ ಹೋಗಿದ್ದಾಗ ಅಲ್ಲಿ ಕೇಳಿದ್ದನ್ನು ಬಂದು ಹೇಳಿದ. ಅದು ಇರುವುದು ಚೆಸಪೀಕ್ ಅನ್ನುವ ದೊಡ್ಡ ಕೊಲ್ಲಿಯಲ್ಲಿ. ಅಲ್ಲಿ ಮುರು ತುಂಬ ಇತ್ತಂತೆ, ತೆಗೆದು ತೆಗೆದು, ರೋಗ ಬಂದು, ಬಹಳ ಕಡಿಮೆಯಾಯಿತಂತೆ. ಮೇರಿಲ್ಯಾಂಡ್ ರಾಜ್ಯದಲ್ಲಿ 2008ರಿಂದ ಒಂದು ಯೋಜನೆ ಇದೆ. ಹೊಳೆ ಬದಿಯ ಮನೆಯವರು ತಮ್ಮ ದೋಣಿ ಕಟ್ಟುವ ಕಟ್ಟೆಗೆ ಬುಟ್ಟಿ ನೇತುಹಾಕಿ ಮುರುವಿನ ಮರಿ ಸಾಕುತ್ತಾರೆ. ಬುಟ್ಟಿ ಅಲುಗಾಡಿಸಿ ಕೆಸರು ತೊಳೆಯುವುದು ಅವರ ಕೆಲಸ. ದೊಡ್ಡದಾದ ಮೇಲೆ ಯಾರೂ ತೆಗೆಯಬಾರದ ಜಾಗದಲ್ಲಿ ಬಿಡುತ್ತಾರೆ. ಬೆಳೆಸಿದವರು ತಿನ್ನುವುದಿಲ್ಲ. ನ್ಯೂಯಾರ್ಕ್ ಬಂದರಿನಲ್ಲಿ 2014ರಿಂದ ಇನ್ನೊಂದು ಕೆಲಸ ನಡೆಯುತ್ತಿದೆ, ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್ ಅಂತ. 2035ರೊಳಗೆ 100 ಕೋಟಿ ಮುರು ಬಂದರಿಗೆ ವಾಪಸ್ ಬರಬೇಕು ಅಂತ ಗುರಿ. ಶಾಲೆಯ ಮಕ್ಕಳೂ ಅದರಲ್ಲಿದ್ದಾರೆ. ಅವರಿಗೆ ಚಿಪ್ಪು ಎಲ್ಲಿಂದ ಬರುತ್ತದೆ? ಹೋಟೆಲಿನಿಂದ. ಗಿರಾಕಿ ತಿಂದು ಬಿಟ್ಟ ಚಿಪ್ಪನ್ನು ಹೋಟೆಲಿನವರು ಬೇರೆ ಡಬ್ಬಿಗೆ ಹಾಕಿ ಇಡುತ್ತಾರೆ. ಒಂದು ವರ್ಷ ಬಯಲಲ್ಲಿ ಬಿಸಿಲು ಮಳೆಗೆ ಹಾಕಿ, ಶುಚಿಯಾದ ಮೇಲೆ ನೀರಿಗೆ.

ತಮ್ಮ ಇದನ್ನು ಹೇಳಿದಾಗ ನಾನು ಒಂದು ಬ್ಲೌಸಿನ ಕೈ ಜೋಡಿಸುತ್ತಿದ್ದೆ. ಮೆಷಿನ್ ನಿಲ್ಲಿಸಿ ಎದ್ದು ನಿಂತೆ. ಯಾಕೆಂದರೆ ನಮಗೆ ಈಗ ಕೊರತೆ ಇರುವುದು ಚಿಪ್ಪಿಗೆ. ಜನ ಇದ್ದಾರೆ, ಬಿದಿರು ಇದೆ, ಹಗ್ಗ ಬಲೆಯವರು ಕೊಡುತ್ತಾರೆ. ಚಿಪ್ಪು ಇಲ್ಲ. ಹೊಳೆಯಲ್ಲಿ ಇದ್ದದ್ದು ಮುಗಿದಿದೆ. ಪಡನ್ನದ ಅಕ್ಕಂದಿರು ಮೊದಲ ಸಲ ಎಂಟು ಗೋಣಿ ಕೊಟ್ಟಿದ್ದರು. ಪ್ರತಿ ವರ್ಷ ಅಷ್ಟು ದೂರದಿಂದ ತರಲಿಕ್ಕೆ ಬಾಡಿಗೆಯೇ ಹೊರೆ. ಆದರೆ ಕುಂಬಳೆ, ಉಪ್ಪಳ, ಕಾಸರಗೋಡಿನ ಹೋಟೆಲುಗಳಲ್ಲಿ ಮರುವಾಯಿ ಸುಕ್ಕ, ಕಲ್ಲುಮ್ಮಕಾಯಿ, ಮುರು ದಿನಾ ಬೇಯುತ್ತದೆ. ಆ ಚಿಪ್ಪೆಲ್ಲ ಎಲ್ಲಿಗೆ ಹೋಗುತ್ತದೆ? ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೈವೇ ಬದಿಯ ಚರಂಡಿಗೆ. ನಾವು ಹೋದ ವಾರ ಹೆಕ್ಕಿದ ಚೀಲಗಳಲ್ಲಿ ಒಂಬತ್ತರಲ್ಲಿ ಇದ್ದದ್ದು ಚಿಪ್ಪು. ನಿಮ್ಮ ಫೋಟೋದಲ್ಲಿ ನನ್ನ ಕೈಯಲ್ಲಿರುವ ಗೋಣಿಯಲ್ಲೂ ಅದೇ ಇದ್ದದ್ದು. ಕಸ ಅಂತ ಬಿಸಾಡಿದ್ದನ್ನು ನಾವು ತಂದು ತೊಳೆದು ಅಂಗಳದಲ್ಲಿ ಹರಡಿದ್ದೇವೆ. ಬರುವ ವರ್ಷ ಅದರ ಮೇಲೆ ಮರಿ ಕೂರುತ್ತದೆ.

ಕೂಡಿ ಕೆಲಸ ಮಾಡುವುದು ನಮ್ಮ ನಾಡಿಗೆ ಹೊಸತಲ್ಲ. ಏತಡ್ಕದ ಕಡೆ ತೋಟದವರು ಮಳೆ ಕಳೆದ ಮೇಲೆ ಎಲ್ಲ ಸೇರಿ ಕಲ್ಲು ಮಣ್ಣು ಹಾಕಿ ತೋಡಿಗೆ ಕಟ್ಟ (ಒಡ್ಡು) ಕಟ್ಟುತ್ತಾರೆ. ಪತ್ರಕರ್ತ ಶ್ರೀಪಡ್ರೆಯವರು ಅದರ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ, ನೀವೂ ಓದಿರುತ್ತೀರಿ. ಕಟ್ಟ ಪ್ರತಿ ಮಳೆಗಾಲಕ್ಕೆ ಹೋಗುತ್ತದೆ, ಪ್ರತಿ ವರ್ಷ ಮತ್ತೆ ಕಟ್ಟುತ್ತಾರೆ. ಹೋಯಿತಲ್ಲ ಅಂತ ಯಾರೂ ಕೈ ಬಿಡುವುದಿಲ್ಲ. ಆ ಹೊಯ್ಗೆ ದೋಣಿಯ ರಾತ್ರಿ ಕಳೆದ ಮೇಲೆ ನಮ್ಮಲ್ಲಿ ಇಬ್ಬರು ಮೂವರು ಇನ್ನು ಸಾಕು ಅಂದರು. ಆಗ ದೋಣಿಯ ಇಕ್ಕ ಹೇಳಿದ್ದು ಇದನ್ನೇ: ‘ಮೇಲಿನವರು ಕಟ್ಟ ಕಟ್ಟುವುದಿಲ್ಲವಾ? ಹಾಗೆ.’ ಮರುದಿನ ಬಿದಿರು ತರಲಿಕ್ಕೆ ಅವರೇ ಮೊದಲು ಹೋದರು.

ಈಗ ಹಳೆಯ ದಿಬ್ಬದ ಜಾಗದಲ್ಲಿ, ಕೆಂಪು ಕಲ್ಲಿನ ಮೇಲೆ, ಸುಮಾರು ಎರಡು ಚಾಪೆ ಹಾಸುವಷ್ಟು ಜಾಗದಲ್ಲಿ ಮುರು ನಿಂತಿದೆ. ಅಷ್ಟೇ. ಇಡೀ ಹೊಳೆಗೆ ಅದು ಏನೂ ಅಲ್ಲ. ಆದರೆ ಹೋದ ವಾರ ನೀರು ಇಳಿದಾಗ ಅದರ ಸಂದಿನಲ್ಲಿ ಏಡಿಯ ಮರಿ ಕಂಡೆವು. ಕರಿಮೀನಿನ ಸಣ್ಣ ಗುಂಪು ಅದರ ಸುತ್ತಲೇ ಮೇಯುತ್ತಿತ್ತು. ಬಿಳಿ ಹೊಟ್ಟೆಯ ಕಡಲ ಹದ್ದು ಆಚೆ ದಡದ ತೆಂಗಿನ ಮರದಲ್ಲಿ ಕೂತು ನೋಡುತ್ತಿತ್ತು. 2023ರಲ್ಲಿ ನಮ್ಮ ಜಿಲ್ಲೆಯ ಹಕ್ಕಿ ಅಂತ ಘೋಷಿಸಿದ್ದು ಅದನ್ನೇ. ಮೊಮ್ಮಗಳು ಬರಿಗಾಲಲ್ಲಿ ಅಲ್ಲಿಗೆ ಓಡಲಿಕ್ಕೆ ಹೊರಟಳು. ‘ನಾನು ಕಾಲಿಟ್ಟಲ್ಲೇ ಕಾಲಿಡು’ ಅಂತ ನನ್ನ ಬಾಯಿಂದ ತಾನಾಗಿ ಬಂತು.

ಕತ್ತರಿಸಬೇಡಿ ಅಂದ ಸಾಲುಗಳು ಇವು. ಹೋಟೆಲಿನವರು, ಮದುವೆ ಹಾಲಿನ ಅಡುಗೆಯವರು, ಮನೆಯವರು ಯಾರೇ ಆಗಲಿ, ಮುರು, ಪಚ್ಚಿಲೆ, ಮರುವಾಯಿಯ ಖಾಲಿ ಚಿಪ್ಪನ್ನು ಅನ್ನ, ಮಸಾಲೆ, ಎಲೆಯ ಜೊತೆ ಸೇರಿಸದೆ ಬೇರೆ ಗೋಣಿಯಲ್ಲಿ ಇಡಿ. ಮುರುವಿನದು ಮಾಲೆಗೆ ಆಗುತ್ತದೆ, ಉಳಿದದ್ದು ದಿಬ್ಬದ ತಳಕ್ಕೆ ಹಾಸಲಿಕ್ಕೆ ಆಗುತ್ತದೆ. ನೀವೇ ಹೊಳೆಗೆ ಸುರಿಯಬೇಡಿ, ಒಣಗದ ಚಿಪ್ಪಿನಿಂದ ರೋಗ ಹೋಗಬಹುದು. ಬಂದ್ಯೋಡಿನ ನನ್ನ ಅಂಗಡಿಯ ಹಿಂದೆ ಮೂರು ನೀಲಿ ಡ್ರಮ್ ಇಟ್ಟಿದ್ದೇವೆ, ಅಲ್ಲಿ ತಂದು ಹಾಕಿ. ತರಲಿಕ್ಕೆ ಆಗದಿದ್ದರೆ ಹೇಳಿ ಕಳಿಸಿ, ಭಾನುವಾರ ಹುಡುಗರು ಗೂಡ್ಸ್ ಆಟೋದಲ್ಲಿ ಬಂದು ಒಯ್ಯುತ್ತಾರೆ. ಎರಡೂ ಪಂಚಾಯತಿನವರು ಮನಸ್ಸು ಮಾಡಿ ಮನೆ ಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯವರ ಗಾಡಿಯಲ್ಲಿ ಚಿಪ್ಪಿಗೆ ಒಂದು ಚೀಲ ಬೇರೆ ಇಟ್ಟರೆ ನಮಗೆ ಅರ್ಧ ಕೆಲಸ ಉಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ಬೆಳಗಾಗುವ ಹೊತ್ತಿಗೆ ನೀರು ಚೆನ್ನಾಗಿ ಇಳಿಯುತ್ತದೆ, ಆಗ ನಾವು ಹೊಳೆಯಲ್ಲಿ ಇರುತ್ತೇವೆ. ಬರುವವರು ದಪ್ಪ ಅಡಿಯ ಚಪ್ಪಲಿ ಹಾಕಿಕೊಂಡು ಬನ್ನಿ. ಈಗ ಅಲ್ಲಿ ಕಾಲು ಕೊಯ್ಯುತ್ತದೆ.

ಇತಿ,
ನಿಮ್ಮ ಓದುಗಾರ್ತಿ,
ಶಿರಿಯ ಹೊಳೆಯ ದಡದಿಂದ, ಕಾಸರಗೋಡು ಜಿಲ್ಲೆ